ಜೋಳದ ರೊಟ್ಟಿಗೆ ಮೆಕ್ಕೆಜೋಳದ ಚೀಲ: 14 ತಿಂಗಳ ಅನುಭವ

ಕಲಬುರಗಿಯಲ್ಲಿ ನಮ್ಮದು ರೊಟ್ಟಿ ಅಂಗಡಿ. ರಾಜ್ಯದಲ್ಲಿ 2016ರಿಂದಲೇ ಪ್ಲಾಸ್ಟಿಕ್ ಕೈಚೀಲಕ್ಕೆ ನಿಷೇಧ ಇದೆ ಅಲ್ವಾ, ಹಾಗಾಗಿ ಗೊಬ್ಬರವಾಗುವ ಚೀಲ ತರಿಸಿದೆವು. "ಜೋಳದ ರೊಟ್ಟಿಗಿ ಮೆಕ್ಕೆಜೋಳದ ಚೀಲೇನ್ರೀ?" ಅಂತ ಗಿರಾಕಿಗಳು ನಗುತ್ತಾರೆ. ಪೂರ್ತಿ ಮೆಕ್ಕೆಜೋಳದ್ದೇನಲ್ಲ. ಮೆಕ್ಕೆಜೋಳದ ಪಿಷ್ಟದ ಜೊತೆ ಪಿಬಿಎಟಿ ಅನ್ನುವ ಪಾಲಿಯೆಸ್ಟರ್ ಬೆರೆಸಿದ್ದಾರೆ. ಬರೀ ಪಿಷ್ಟದ ಹಾಳೆ ಒಣಗಿದರೆ ಹಪ್ಪಳದ ಹಾಗೆ ಮುರಿಯುತ್ತದೆ. ಬಾಗುವ, ಎಳೆದರೆ ಹಿಗ್ಗುವ ಗುಣ ಬರೋದು ಪಿಬಿಎಟಿಯಿಂದ.

ಮುಟ್ಟಿದರೆ ಮೆತ್ತಗಿದೆ, ಹೊಳಪಿಲ್ಲ. ಒಂದು ಹನಿ ನೀರು ಹಾಕಿ ನೋಡಿ. ಪಾಲಿಥೀನ್ ಮೇಲೆ ಹನಿ ಉಬ್ಬಿ ನಿಲ್ಲುತ್ತದೆ, ಇದರ ಮೇಲೆ ಚಪ್ಪಟೆಯಾಗಿ ಹರಡುತ್ತದೆ. ಪಿಷ್ಟಕ್ಕೆ ನೀರು ಕಂಡರೆ ಆಸೆ. ನಮಗೆ ಲಾಭವಾಗಿದ್ದೂ ಅದರಿಂದಲೇ, ನಷ್ಟವಾಗಿದ್ದೂ ಅದರಿಂದಲೇ.

ಬಿಸಿ ರೊಟ್ಟಿ ಪಾಲಿಥೀನ್‌ನಲ್ಲಿ ಕಟ್ಟಿದರೆ ಒಳಗೆಲ್ಲ ಬೆವರು. ಹನಿ ಬಿದ್ದಲ್ಲಿ ರೊಟ್ಟಿ ಅಂಟಂಟು. ಈ ಚೀಲದಲ್ಲಿ ಹನಿ ಕಟ್ಟೋದು ಕಡಿಮೆ, ಆವಿಯೂ ನಿಧಾನವಾಗಿ ಹೊರಗೆ ಹೋಗುತ್ತದೆ. ಮಧ್ಯಾಹ್ನ ಕಟ್ಟಿದ್ದು ರಾತ್ರಿ ಊಟಕ್ಕೂ ಚೆನ್ನಾಗಿರುತ್ತದೆ.

ಖಡಕ್ ರೊಟ್ಟಿಯ ಕಥೆ ಬೇರೆ. ಹೊರಗೆ ಹೋಗುವ ಆವಿ ಒಳಗೂ ಬರುತ್ತದಲ್ಲ! ಆಗಸ್ಟ್‌ನಲ್ಲಿ ಮಳೆ ಹಿಡಿದಾಗ ಬೀದರ್‌ಗೆ ಕಳಿಸಿದ ಐವತ್ತು ರೊಟ್ಟಿ ನಾಲ್ಕೇ ದಿನಕ್ಕೆ ಮೆತ್ತಗಾಗಿ ವಾಪಸ್ ಬಂದವು. ಚೀಲ ಮಾರಿದವರನ್ನು ಕೇಳಿದರೆ, "ತೇವ ಇಲ್ಲದ ಕಡೆ ಇಡಿ" ಅಂದರು. ಮಳೆಗಾಲದಲ್ಲಿ ಅಂಥ ಜಾಗ ಅವರೇ ತೋರಿಸಬೇಕಿತ್ತು. ಈಗ ಖಡಕ್ ರೊಟ್ಟಿಗೆ ಗಿರಾಕಿಗಳೇ ಡಬ್ಬಿ ತರುತ್ತಾರೆ.

ಮೇ ತಿಂಗಳಲ್ಲಿ ಇದಕ್ಕೆ ಉಲ್ಟಾ. ತಗಡಿನ ಶೆಡ್‌ನಲ್ಲಿಟ್ಟ ಕಟ್ಟು ಬಿಸಿಲಿಗೆ ಒಣಗಿ, ಮಡಿಚಿದ ಕಡೆಯೇ ಸೀಳಿತು. ಪಿಷ್ಟದಲ್ಲಿ ಒಂದಿಷ್ಟು ತೇವ ಇದ್ದರೇನೇ ಅದು ಬಾಗೋದು. ಆಮೇಲಿಂದ ಮೂರು ತಿಂಗಳಿಗಾಗುವಷ್ಟು ಮಾತ್ರ ತರಿಸಿ, ಮನೆಯೊಳಗಿನ ಟ್ರಂಕಿನಲ್ಲಿಡುತ್ತೇವೆ.

ನಮ್ಮ ಮುದ್ರೆಯ ಶಾಯಿ ಇದರ ಮೇಲೆ ಚೆನ್ನಾಗಿ ಕೂರುತ್ತದೆ. ಪಾಲಿಥೀನ್‌ಗೆ ಶಾಯಿ ಹಿಡಿಯಬೇಕಂದ್ರೆ ಕಾರ್ಖಾನೆಯಲ್ಲೇ ಕರೋನಾ ಅನ್ನುವ ವಿದ್ಯುತ್ ಉಪಚಾರ ಮಾಡಬೇಕು (ಆ ಕರೋನಾ ಅಲ್ಲ). ನಮ್ಮ ಈ ಚೀಲದ ರೇಟು ಮಾತ್ರ ಜಾಸ್ತಿ.

ಕೊಳ್ಳುವಾಗ ಚೀಲದ ಮೇಲೆ ಐಎಸ್‌ಒ 17088 (ಗೊಬ್ಬರವಾಗುತ್ತದೆ ಅಂತ ಪರೀಕ್ಷೆ ಮಾಡುವ ಮಾನದಂಡ) ಇದೆಯಾ ನೋಡಿ. ಹಾಗಂತ ತಿಪ್ಪೆಗೆ ಎಸೆದ ತಕ್ಷಣ ಮಾಯವಾಗೋದಿಲ್ಲ. ಆ ಪರೀಕ್ಷೆ ನಡೆಯೋದು ಸುಮಾರು 58 ಡಿಗ್ರಿಯ ಗೊಬ್ಬರದಲ್ಲಿ. ನಮ್ಮ ಹಿತ್ತಲಲ್ಲಿ ದೀಪಾವಳಿಗೆ ಹೂತಿದ್ದ ಚೀಲದ ಚೂರು ಯುಗಾದಿಗೂ ಕೈಗೆ ಸಿಕ್ಕಿತು.