ಓಪನ್‌-ಐ: ವೈದ್ಯಕೀಯ ಪ್ರಬಂಧಗಳನ್ನು ಚಿತ್ರದ ಮೂಲಕ ಹುಡುಕಲು

ವೈದ್ಯಕೀಯ ಪ್ರಬಂಧಗಳ ಉಚಿತ ಸೂಚಿಯಾದ ಪಬ್‌ಮೆಡ್ ಹುಡುಕುವುದು ಮುಖ್ಯವಾಗಿ ಶೀರ್ಷಿಕೆ, ಸಾರಾಂಶ ಮತ್ತು ವಿಷಯಸೂಚಿ ಪದಗಳಲ್ಲಿ. ಆದರೆ ಸಿ.ಟಿ. ಸ್ಕ್ಯಾನಿನಲ್ಲಿ ಕಾಣುವ ಅಪರೂಪದ ಲಕ್ಷಣದ ಹೆಸರು ಎಷ್ಟೋ ಸಲ ಸಾರಾಂಶದಲ್ಲಿ ಇರುವುದೇ ಇಲ್ಲ, ಚಿತ್ರದ ಅಡಿಬರಹದಲ್ಲಿರುತ್ತದೆ. ಅಮೆರಿಕದ ರಾಷ್ಟ್ರೀಯ ವೈದ್ಯಕೀಯ ಗ್ರಂಥಾಲಯದ ಉಚಿತ ಸೇವೆ ಓಪನ್‌-ಐ ಅಲ್ಲೇ ಕೈ ಹಾಕುತ್ತದೆ. ಪೂರ್ಣ ಪ್ರಬಂಧಗಳನ್ನೇ ಇಟ್ಟಿರುವ ಪಬ್‌ಮೆಡ್ ಸೆಂಟ್ರಲ್ ಭಂಡಾರದ ಮುಕ್ತ ಪ್ರಬಂಧಗಳಿಂದ ತೆಗೆದ 37 ಲಕ್ಷಕ್ಕೂ ಹೆಚ್ಚು ಚಿತ್ರಗಳು ಇದರಲ್ಲಿವೆ. ಅಡಿಬರಹದ ಜೊತೆಗೆ, ಪ್ರಬಂಧದೊಳಗೆ ಆ ಚಿತ್ರವನ್ನು ಹೆಸರಿಸುವ ವಾಕ್ಯಗಳಲ್ಲೂ ಇದು ಹುಡುಕುತ್ತದೆ. 'ಅದೇ ರೋಗಿ, ಆರು ವಾರದ ನಂತರ' ಎಂದಷ್ಟೇ ಬರೆದ ಚಿತ್ರಗಳು ಕೈಗೆ ಸಿಗುವುದು ಈ ವಾಕ್ಯಗಳಿಂದಲೇ. ಇದೇ ಇದರ ನಿಜವಾದ ಬಲ.

ಉದಾಹರಣೆಗೆ, ಶ್ವಾಸಕೋಶದ ಸಿ.ಟಿ.ಯಲ್ಲಿ ಮಸುಕಾದ ನಡುಭಾಗದ ಸುತ್ತ ದಟ್ಟ ಉಂಗುರವಾಗಿ ಕಾಣುವ 'ರಿವರ್ಸ್ಡ್ ಹ್ಯಾಲೋ ಸೈನ್' (reversed halo sign) ಹುಡುಕಿ ನೋಡಿ. ಪದಗುಚ್ಛವನ್ನು ಉದ್ಧರಣ ಚಿಹ್ನೆಯೊಳಗೆ ಬರೆದು, ಚಿತ್ರದ ಬಗೆಯಲ್ಲಿ ಸಿ.ಟಿ. ಆರಿಸಿ. ಆಮೇಲೆ 'ಅಟಾಲ್ ಸೈನ್' (atoll sign) ಎಂದೂ ಹುಡುಕಲೇಬೇಕು; ಒಂದೇ ಲಕ್ಷಣಕ್ಕೆ ಎರಡು ಹೆಸರಿದ್ದು, ಒಬ್ಬೊಬ್ಬ ಲೇಖಕರು ಒಂದೊಂದನ್ನು ಬಳಸುತ್ತಾರೆ. ಆರ್ಗನೈಸಿಂಗ್ ನ್ಯುಮೋನಿಯಾ (ಶ್ವಾಸಕೋಶದ ಒಂದು ಬಗೆಯ ಉರಿಯೂತ), ಮ್ಯೂಕರ್‌ಮೈಕೋಸಿಸ್ (ಒಂದು ಶಿಲೀಂಧ್ರ ಸೋಂಕು), ಕ್ಷಯ, ಈ ಮೂರರಲ್ಲೂ ಅದು ಕಾಣಿಸಿಕೊಳ್ಳಬಹುದಾದ್ದರಿಂದ ಚಿತ್ರಗಳನ್ನು ಪಕ್ಕಪಕ್ಕ ಇಟ್ಟು ನೋಡುವುದಕ್ಕೆ ಬೆಲೆಯಿದೆ.

ಫಿಲ್ಟರ್‌ಗಳನ್ನು ಪೂರ್ತಿ ನಂಬಬೇಡಿ. ಚಿತ್ರ ಎಕ್ಸ್‌-ರೇಯೋ ಸಿ.ಟಿ.ಯೋ ಎಂದು ವಿಂಗಡಿಸುವುದು ತಂತ್ರಾಂಶ. ಒಂದೇ ಚಿತ್ರದ ಎ ಭಾಗದಲ್ಲಿ ಸಿ.ಟಿ., ಬಿ ಭಾಗದಲ್ಲಿ ಬಯಾಪ್ಸಿ ಸ್ಲೈಡ್ ಇದ್ದರೆ ಅದು ಎಡವುತ್ತದೆ. ಹಾಗೆಂದು ಬಹುಭಾಗದ ಚಿತ್ರಗಳನ್ನೇ ಕೈಬಿಡುವ ಆಯ್ಕೆ ಒತ್ತಿದರೆ ಒಳ್ಳೆಯ ಕೇಸ್ ರಿಪೋರ್ಟ್‌ಗಳೂ (ರೋಗಿಯೊಬ್ಬರ ಪ್ರಕರಣ ವಿವರಿಸುವ ಪ್ರಬಂಧಗಳು) ಹೋಗುತ್ತವೆ.

ಚಿತ್ರವನ್ನೇ ಅಪ್‌ಲೋಡ್ ಮಾಡಿ ಹುಡುಕುವ ಸೌಲಭ್ಯ ದುರ್ಬಲ. ಅದು ಹೋಲಿಸುವುದು ಬಣ್ಣ, ವಿನ್ಯಾಸ, ಆಕಾರವನ್ನು, ರೋಗವನ್ನಲ್ಲ. ಬೇಕಾದ ಭಾಗವನ್ನಷ್ಟೇ ಕತ್ತರಿಸಿ, ಬಾಣದ ಗುರುತಿಲ್ಲದ ಪ್ರತಿ ಕೊಟ್ಟು, ಜೊತೆಗೆ ಒಂದೆರಡು ಪದ ಸೇರಿಸಿದರೆ ಫಲಿತಾಂಶ ಸುಧಾರಿಸುತ್ತದೆ. ರೋಗಿಯ ಹೆಸರು, ಆಸ್ಪತ್ರೆ ಸಂಖ್ಯೆ ಇರುವ ಫಿಲ್ಮನ್ನು ಯಾವ ಕಾರಣಕ್ಕೂ ಹಾಕಬಾರದು.

ಇದೇ ಸೇವೆಯಲ್ಲಿರುವ, ಅಮೆರಿಕದ ಇಂಡಿಯಾನಾ ವಿಶ್ವವಿದ್ಯಾಲಯ ಕೊಟ್ಟ 7,470 ಎದೆಯ ಎಕ್ಸ್‌-ರೇಗಳು, 3,955 ವರದಿಗಳು ಕಲಿಯುವವರಿಗೆ ದೊಡ್ಡ ಆಸ್ತಿ. ಆದರೆ 'ನ್ಯುಮೋಥೊರಾಕ್ಸ್' (ಶ್ವಾಸಕೋಶದ ಸುತ್ತ ಗಾಳಿ ಸೇರಿಕೊಳ್ಳುವುದು) ಎಂಬ ಪದ 'ನ್ಯುಮೋಥೊರಾಕ್ಸ್ ಇಲ್ಲ' ಎನ್ನುವ ವರದಿಯಲ್ಲೂ ಇರುತ್ತದೆ, ಆದ್ದರಿಂದ ವರದಿ ಪೂರ್ತಿ ಓದಿ. ನಡುವೆ ಬರುವ ಎಕ್ಸ್ ಅಕ್ಷರಗಳ ಸಾಲು ಗುರುತು ಮರೆಮಾಚಲು ಅಳಿಸಿದ ಪದಗಳ ಜಾಗ.

ಸ್ಲೈಡಿಗೋ ಪುಸ್ತಕಕ್ಕೋ ಚಿತ್ರ ಬೇಕಿದ್ದರೆ ಪರವಾನಗಿಯ ಫಿಲ್ಟರನ್ನು ಮೊದಲೇ ಹಾಕಿ. ನೋಡಲು ಉಚಿತವಾದದ್ದೆಲ್ಲ ಮರುಮುದ್ರಣಕ್ಕೆ ಉಚಿತವಲ್ಲ. ಚಂದಾ ಕಟ್ಟಿಯೇ ಓದಬೇಕಾದ ಪ್ರಬಂಧಗಳ ಚಿತ್ರಗಳು ಇಲ್ಲಿ ಸಿಗುವುದಿಲ್ಲವಾದ್ದರಿಂದ ಪಬ್‌ಮೆಡ್ ಹುಡುಕಾಟವನ್ನು ಬಿಡುವ ಹಾಗಿಲ್ಲ.