ಶಾಲೆಗೆ ಹೋಗಲಾಗದ ಮಗುವಿಗೆ ಆನ್‌ಲೈನ್ ಶಾಲೆ: ಬಳಸಿ ನೋಡಿದ ಮೇಲೆ

ಮಗಳಿಗೆ ಲ್ಯುಕೇಮಿಯಾ, ಅಂದರೆ ರಕ್ತದ ಕ್ಯಾನ್ಸರ್. ಮಕ್ಕಳಲ್ಲಿ ಹೆಚ್ಚಾಗಿ ಕಾಣುವ ಬಗೆಗೆ ಚಿಕಿತ್ಸೆ ಸಾಮಾನ್ಯವಾಗಿ 2ರಿಂದ 3 ವರ್ಷ ನಡೆಯುತ್ತದೆ. ಬಿಳಿ ರಕ್ತಕಣ ಕಡಿಮೆಯಾದಾಗ ಸೋಂಕು ಬೇಗ ತಗಲುವುದರಿಂದ ತುಂಬಿದ ತರಗತಿಗೆ ಕಳಿಸುವ ಹಾಗಿಲ್ಲ, ಹಾಗಂತ ಅಷ್ಟು ವರ್ಷ ಓದು ಬಿಡಿಸಿ ಕೂರಿಸುವ ಹಾಗೂ ಇಲ್ಲ. ಅದಕ್ಕೇ ಕಾಯಿಲೆಯ ಮಕ್ಕಳಿಗಾಗಿ ನಡೆಸುವ ಒಂದು ಆನ್‌ಲೈನ್ ಶಾಲೆಗೆ ಸೇರಿಸಿದೆವು. ದೂರುಗಳೂ ಇರುವುದರಿಂದ ಹೆಸರು ಹಾಕುತ್ತಿಲ್ಲ.

ಇಂಥ ಶಾಲೆಯನ್ನು ಒಳ್ಳೆಯ ದಿನದಲ್ಲಿ ಅಳೆಯಬೇಡಿ. ಮಗು ಚೆನ್ನಾಗಿರುವ ದಿನ ಯಾವ ಆ್ಯಪ್ ಆದರೂ ನಡೆಯುತ್ತದೆ. ಕೀಮೋ ಆದ ಮರುದಿನ, ವಾಂತಿ ನಿಲ್ಲದೆ ಮಲಗಿರುವಾಗ ಆ ಶಾಲೆ ಏನು ಮಾಡುತ್ತದೆ ಅನ್ನೋದನ್ನು ನೋಡಿ. ಈ ವಿಷಯದಲ್ಲಿ ಇಲ್ಲಿನ ಟೀಚರ್‌ಗಳಿಗೆ ನನ್ನ ಪೂರ್ತಿ ಅಂಕ. ಪಾಠದ ರೆಕಾರ್ಡಿಂಗ್ ಸಂಜೆಯೊಳಗೆ ಸಿಗುತ್ತದೆ. ಅದರ ಜೊತೆ ಟೀಚರ್ ಒಂದು ಸಣ್ಣ ಟಿಪ್ಪಣಿ ಕಳಿಸುತ್ತಾರೆ: ಇಷ್ಟು ನೋಡಿದರೆ ಸಾಕು, ಉಳಿದದ್ದು ಆಮೇಲೆ. ಆ 'ಇಷ್ಟು ಸಾಕು' ಅನ್ನೋದೇ ದೊಡ್ಡದು. ಇಲ್ಲದಿದ್ದರೆ ರೆಕಾರ್ಡಿಂಗ್‌ಗಳು ರಾಶಿ ಬೀಳುತ್ತವೆ, ಮಗು ಹುಷಾರಾಗಿ ಎದ್ದ ಕೂಡಲೇ ಅದನ್ನು ನೋಡಿ ಅಳುತ್ತದೆ.

ಔಷಧಿಗಳ ಪರಿಣಾಮ ಅವರಿಗೆ ಗೊತ್ತು, ಇದು ನನಗೆ ತುಂಬಾ ಹಿಡಿಸಿತು. ವಿನ್‌ಕ್ರಿಸ್ಟಿನ್ ಅನ್ನುವ ಕೀಮೋ ಔಷಧಿ ಕೊಟ್ಟಾಗ ಕೆಲವು ಮಕ್ಕಳಿಗೆ ಬೆರಳು ಜೋಮು ಹಿಡಿಯುತ್ತದೆ, ಪೆನ್ಸಿಲ್ ಹಿಡಿಯಲು ಕಷ್ಟ. ಸ್ಟೀರಾಯ್ಡ್ ಔಷಧಿ ಕೊಡುವ ವಾರದಲ್ಲಿ ನಿದ್ದೆ ಇಲ್ಲ, ಸುಮ್ನೆ ಸುಮ್ನೆ ಸಿಟ್ಟು. ಚಿಕಿತ್ಸೆಯಿಂದ ಕೆಲವು ಮಕ್ಕಳಲ್ಲಿ ಗಮನ, ನೆನಪು, ಉತ್ತರ ಹೊಳೆಯುವ ವೇಗ ಕಡಿಮೆಯಾಗುತ್ತದೆ. ಇದನ್ನು ಸೋಮಾರಿತನ ಅಂದುಕೊಂಡರೆ ಮಗುವಿನ ಕಥೆ ಮುಗಿದ ಹಾಗೆ. ಇಲ್ಲಿ ಬರೆಯುವ ಬದಲು ಮಾತಾಡಿ ರೆಕಾರ್ಡ್ ಮಾಡಿ ಕಳಿಸಬಹುದು, ಪ್ರಶ್ನೆ ಕೇಳಿದ ಮೇಲೆ ಟೀಚರ್ ನಿಜವಾಗಿಯೂ ಕಾಯುತ್ತಾರೆ. ಕ್ಯಾಮೆರಾ ಹಾಕಲೇಬೇಕು ಅಂತಿಲ್ಲ. ಕೂದಲು ಉದುರಿದ, ಮುಖ ಊದಿದ ಹುಡುಗಿಗೆ ಇದೆಷ್ಟು ಸಮಾಧಾನ ಅಂತ ಹೇಳಬೇಕಾಗಿಲ್ಲ ಅಲ್ವಾ?

ಪಾಠವಿಲ್ಲದೆ ಮಕ್ಕಳು ಸುಮ್ಮನೆ ಹರಟುವ ಒಂದು ಹೊತ್ತೂ ಇದೆ. ಡಯಾಲಿಸಿಸ್‌ಗೆ ಹೋಗುವ ಹುಡುಗ, ಮಂಚದಿಂದ ಏಳಲಾಗದ ಹುಡುಗಿ, ಎಲ್ಲರೂ ಬರುತ್ತಾರೆ. ಅಲ್ಲಿ ಯಾರೂ 'ಏನಾಗಿದೆ ನಿನಗೆ' ಅಂತ ಕೇಳುವುದಿಲ್ಲ. ಮಗಳು ಜೋರಾಗಿ ನಗುವುದು ಅಲ್ಲೇ.

ಈಗ ದೂರು. ಹಾಜರಿ ಲೆಕ್ಕ ಇಡೋದು ಸಾಫ್ಟ್‌ವೇರ್. ಆಸ್ಪತ್ರೆಯಲ್ಲಿದ್ದಾಗಲೂ 'ನಿಮ್ಮ ಮಗುವಿನ ಹಾಜರಿ ಕಡಿಮೆಯಾಗಿದೆ' ಅಂತ ಕೆಂಪು ಅಕ್ಷರದ ಸಂದೇಶ, ಅದೂ ಮಗುವಿನ ಖಾತೆಗೇ ಬರುತ್ತದೆ. ಟೀಚರ್ ಎಷ್ಟೇ ಒಳ್ಳೆಯವರಿರಲಿ, ಆ ಒಂದು ಸಂದೇಶ ಎಲ್ಲವನ್ನೂ ಹಾಳು ಮಾಡುತ್ತದೆ. ಹೇಳಿದ್ದೇವೆ, ಇನ್ನೂ ಸರಿಯಾಗಿಲ್ಲ. ಪರೀಕ್ಷೆಯ ಸಮಯ ಬದಲಾಯಿಸಲು ಪ್ರತಿ ಸಲ ಹೊಸದಾಗಿ ವೈದ್ಯರ ಪತ್ರ ಬೇಕು, ವರ್ಷಗಟ್ಟಲೆ ನಡೆಯುವ ಕಾಯಿಲೆಗೆ ಇದೆಂಥ ನಿಯಮ? ವಿಜ್ಞಾನದ ಪ್ರಯೋಗ ಬರೀ ವಿಡಿಯೋ. ಹಳೆಯ ಶಾಲೆಯ ಜೊತೆ ಇವರು ಮಾತೇ ಆಡುವುದಿಲ್ಲ. ಯಾವ ಪಾಠ ಆಗಿದೆ, ಯಾವುದು ಉಳಿದಿದೆ ಅಂತ ಅತ್ತಿಂದಿತ್ತ ತಿಳಿಸುವ ಕೆಲಸ ಪೂರ್ತಿ ನಮ್ಮ ತಲೆಗೆ ಬಂತು.

ಮಗು ತನ್ನದೇ ತರಗತಿ, ತನ್ನದೇ ಗೆಳೆಯರು ಬೇಕು ಅಂತ ಹಟ ಹಿಡಿದರೆ ಬೇರೆ ದಾರಿಯೂ ಇದೆ. ನಾರ್ವೆಯ ನೋ ಐಸೊಲೇಶನ್ ಕಂಪನಿಯ ಏವಿ1 ಅನ್ನುವ ಪುಟ್ಟ ರೋಬೋಟ್ ತರಗತಿಯ ಮೇಜಿನ ಮೇಲೆ ಕೂರುತ್ತದೆ, ಮಗು ಮನೆಯಿಂದ ಟ್ಯಾಬ್‌ನಲ್ಲಿ ಅದರ ತಲೆ ತಿರುಗಿಸಿ ನೋಡುತ್ತದೆ, ಕೇಳುತ್ತದೆ, ಮಾತಾಡುತ್ತದೆ. ಮಗುವಿನ ಮುಖ ತರಗತಿಗೆ ಕಾಣುವುದಿಲ್ಲ. ಆದರೆ ಇದಕ್ಕೆ ಶಾಲೆ ಒಪ್ಪಬೇಕು, ಪಾಠ ನಡೆಯುವ ಹೊತ್ತಿಗೇ ಮಗು ಎದ್ದಿರಬೇಕು. ಕೆಲವೇ ವಾರಗಳ ಗೈರುಹಾಜರಿಗೂ ಹಳೆಯ ಶಾಲೆಯ ಜೊತೆಗೇ ಏನಾದರೂ ಏರ್ಪಾಡು ಮಾಡಿಕೊಳ್ಳೋದು ವಾಸಿ, ಹೊಸ ಶಾಲೆಗೆ ಹೊಂದಿಕೊಳ್ಳುವ ಕಷ್ಟ ಬೇಡ.

ದೀರ್ಘ ಚಿಕಿತ್ಸೆಯ ಮಕ್ಕಳಿಗೆ, ದೂರುಗಳಿದ್ದರೂ, ಇಂಥ ಶಾಲೆಯನ್ನೇ ಹೇಳುತ್ತೇನೆ. ಸೇರಿಸುವ ಮುಂಚೆ ಮೂರು ಮಾತು ಕೇಳಿ: ಹಾಜರಿ ಯಾರು ನೋಡುತ್ತಾರೆ, ಪರೀಕ್ಷೆ ಮುಂದೂಡಬಹುದಾ, ಗುಣವಾದ ಮೇಲೆ ಹಳೆಯ ಶಾಲೆಗೆ ಮರಳಲು ಯಾವ ದಾಖಲೆ ಕೊಡುತ್ತಾರೆ. ಉತ್ತರವನ್ನು ಬರೆಸಿಕೊಳ್ಳಿ.