ಅರ್ಥ ತಿಳಿಯಲು ಯಾವುದು ಮೊದಲು: ಭಜಗೋವಿಂದವೋ, ವಿಷ್ಣುಸಹಸ್ರನಾಮವೋ?

ಎರಡನ್ನೂ ಮನೆಯಲ್ಲಿ ಕೇಳುತ್ತಲೇ ಬೆಳೆದವರು ಜಾಸ್ತಿ. ಬಾಯಿಪಾಠ ಆಗಿರುತ್ತದೆ, ಅರ್ಥ ಮಾತ್ರ ಗೊತ್ತಿರುವುದಿಲ್ಲ. ಅರ್ಥಕ್ಕಾಗಿಯೇ ಒಂದನ್ನು ಹಿಡಿಯುವುದಾದರೆ ಮೊದಲು ಭಜಗೋವಿಂದ ಹಿಡಿಯಿರಿ ಅನ್ನುತ್ತೇನೆ.

ಇದು ಶಂಕರಾಚಾರ್ಯರ ಹೆಸರಿನಲ್ಲಿ ಬಂದದ್ದು, ಸುಮಾರು 31 ಶ್ಲೋಕ. ಮೊದಲನೆಯದೇ ಎದೆಗೆ ನಾಟುತ್ತದೆ: ಸಾವು ಹತ್ತಿರ ಬಂದಾಗ ‘ಡುಕೃಞ್ ಕರಣೇ’ ಕಾಪಾಡುವುದಿಲ್ಲ. ಅದು ಸಂಸ್ಕೃತ ವ್ಯಾಕರಣದ ಒಂದು ಸಾಲು. ಓದು ಬೇಡ ಅಂತಲ್ಲ, ಓದೇ ಗುರಿ ಆಗಬಾರದು ಅಂತ. ಇನ್ನೊಂದು ಶ್ಲೋಕ ನೋಡಿ: ಮಗುವಿಗೆ ಆಟದ ಗುಂಗು, ಹರೆಯದವನಿಗೆ ಹೆಣ್ಣಿನ ಗುಂಗು, ಮುದುಕನಿಗೆ ಚಿಂತೆ. ಪರಬ್ರಹ್ಮದ ಕಡೆ ಮನಸ್ಸಿಟ್ಟವರು ಯಾರೂ ಇಲ್ಲ. ನಮ್ಮ ನಮ್ಮ ಮನೆಯ ಕಥೆಯೇ ಅಲ್ವಾ? ದಿನಕ್ಕೊಂದು ಶ್ಲೋಕ ಓದಿದರೆ ಒಂದು ತಿಂಗಳು ಸಾಕು.

ಆದರೆ ಮಾತು ಖಾರ. ಮನೆಯಲ್ಲಿ ಸಾವಾಗಿ ನೊಂದಿರುವವರಿಗೆ ‘ನಿನ್ನ ಹೆಂಡತಿ ಯಾರು, ಮಗ ಯಾರು’ ಎಂಬ ಪ್ರಶ್ನೆ ಆ ಹೊತ್ತಿಗೆ ತುಂಬಾ ಗಡುಸು.

ಅಂಥವರಿಗೆ ಸಹಸ್ರನಾಮವೇ ಸರಿ. ಮಹಾಭಾರತದ ಅನುಶಾಸನ ಪರ್ವದಲ್ಲಿ, ಬಾಣದ ಹಾಸಿಗೆಯಲ್ಲಿ ಮಲಗಿದ ಭೀಷ್ಮ ಧರ್ಮರಾಯನಿಗೆ ಹೇಳಿದ್ದು. ಮೊದಲ ಹೆಸರು ‘ವಿಶ್ವಂ’. ಕಾಣುವುದೆಲ್ಲ ಅವನೇ. ಇಲ್ಲಿ ಗದರಿಕೆ ಇಲ್ಲ. ಸುಮ್ನೆ ಹೇಳುತ್ತಾ ಹೋದರೂ ಮನಸ್ಸು ತಣ್ಣಗಾಗುತ್ತದೆ. ಅರ್ಥ ಮಾತ್ರ ನಿಧಾನಕ್ಕೆ ಬಿಚ್ಚಿಕೊಳ್ಳುತ್ತದೆ. ಕೆಲವು ಹೆಸರು ಮತ್ತೆ ಬರುತ್ತವೆ, ಆಗ ಭಾಷ್ಯಕಾರರು, ಅಂದರೆ ಅರ್ಥ ವಿವರಿಸಿ ಬರೆದವರು, ಬೇರೆ ಅರ್ಥ ಕೊಡುತ್ತಾರೆ. ಶಂಕರಭಾಷ್ಯದ್ದು ಜೀವ, ಬ್ರಹ್ಮ ಒಂದೇ ಎನ್ನುವ ಅದ್ವೈತದ ದಾರಿ, ಶ್ರೀವೈಷ್ಣವ ಆಚಾರ್ಯ ಪರಾಶರ ಭಟ್ಟರದು ಜೀವ, ಜಗತ್ತು ದೇವರ ಶರೀರ ಎನ್ನುವ ವಿಶಿಷ್ಟಾದ್ವೈತದ್ದು. ಪುಸ್ತಕ ಕೊಳ್ಳುವ ಮುನ್ನ ಯಾವ ಭಾಷ್ಯ ಅಂತ ನೋಡಿಕೊಳ್ಳಿ.